ಕೆಜಿಎಫ್‌ನ ಹಳೇ ಫೋಟೋ ಸಿಕ್ಕರೆ ಕಾಲ ಗುರುತಿಸುವುದು ಹೇಗೆ?

ಕೋಲಾರ, ಕೆಜಿಎಫ್ ಕಡೆಯ ಹಳೇ ಫೋಟೋಗಳನ್ನು ಹಂಚಿಕೊಳ್ಳುವಾಗ ಸುಮ್ನೆ 'ನೂರು ವರ್ಷ ಹಿಂದೆ' ಅಂತ ಹಾಕಬೇಡಿ. ಚಿತ್ರದ ಹಿನ್ನೆಲೆಯನ್ನು ದೊಡ್ಡದು ಮಾಡಿ ನೋಡಿ. ಅಲ್ಲೇ ಸುಳಿವು ಜಾಸ್ತಿ.

ಮೊದಲು ಕಂಬ ಹುಡುಕಿ. ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂದದ್ದು 1902ರಲ್ಲಿ, ಸುಮಾರು 150 ಕಿ.ಮೀ. ದೂರದಿಂದ. ಗಣಿಯ ಹತ್ತಿರ ಕರೆಂಟ್ ಲೈನ್ ಕಂಡರೆ ಫೋಟೋ ಅದಕ್ಕಿಂತ ಈಚಿನದು. ಆದರೆ ರೈಲು ಹಳಿ ಪಕ್ಕದ ತಂತಿ ಟೆಲಿಗ್ರಾಫಿನದೂ ಇರಬಹುದು, ಅವಸರ ಬೇಡ. ಸ್ಟೇಷನ್ ಬೋರ್ಡಿನಲ್ಲಿ 'ಬೌರಿಂಗ್‌ಪೇಟೆ' ಅಂತಿದ್ದರೆ ಗಾಬರಿಯಾಗಬೇಡಿ, ಅದು ನಮ್ಮ ಬಂಗಾರಪೇಟೆಯೇ. ಅಕ್ಷರ ತಿರುಗಾಮುರುಗಾ ಕಂಡರೆ ನೆಗೆಟಿವ್ ಉಲ್ಟಾ ಹಾಕಿ ಪ್ರಿಂಟ್ ತೆಗೆದಿದ್ದಾರೆ ಅಂತ ಅರ್ಥ.

ಇನ್ನೊಂದು, ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳು. ಗಣಿ ನಡೆದಷ್ಟು ಕಾಲ ಅವು ಬೆಳೆದವು. 2001ರಲ್ಲಿ ಗಣಿ ಮುಚ್ಚಿತು. ಒಂದೇ ಜಾಗದ ಎರಡು ಫೋಟೋ ಇದ್ದರೆ, ದಿಬ್ಬ ಚಿಕ್ಕದಿರುವುದು ಸಾಮಾನ್ಯವಾಗಿ ಹಳೆಯದು.

ಅಂಟಿನ ಆಲ್ಬಮ್‌ನಿಂದ ಫೋಟೋ ಕೀಳಬೇಡಿ, ದಯವಿಟ್ಟು. ಪುಟದ ಸಮೇತ ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಮೊಬೈಲ್‌ನಲ್ಲಿ ತೆಗೆಯಿರಿ. ಬಿಡಿ ಫೋಟೋ ಆದರೆ ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೋ ಸೀಲು, ಕೈಬರಹ ಅಲ್ಲೇ ಇರುತ್ತದೆ. ಹಿಂದೆ ಏನಾದರೂ ಬರೆಯಬೇಕಾದರೆ ಮೆತ್ತನೆ ಪೆನ್ಸಿಲ್ ಸಾಕು.

ಗಣಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ತೋರಿಸಿ. ಅವರು ಹೇಳುವುದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ.