ಬಿಲ್ಲು ಕೂಡಲೇ, ಸ್ಟಾಕು ಆಮೇಲೆ: ಸರ್ವಿಸ್ ಬ್ರೋಕರ್ ಜೊತೆ ನನ್ನ ಅನುಭವ

ಮುಂಬೈಯ ಮಾಟುಂಗದ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಬೆಳಗಿನ ಹೊತ್ತು ಬಿಲ್ಲು ತಡವಾದರೆ ಸಾಲು ಬೀದಿಗೆ ಬರುತ್ತದೆ. ಒಂದು ಮಸಾಲೆ ದೋಸೆಗೆ ಹಿಟ್ಟು, ಪಲ್ಯ, ಬೆಣ್ಣೆ ಎಲ್ಲವನ್ನೂ ಸ್ಟಾಕಿನಿಂದ ಕಳೆಯುವ ಪ್ರೊಸೀಜರ್ (ಡೇಟಾಬೇಸಿನೊಳಗೆ ಬರೆದಿಟ್ಟ ಪ್ರೋಗ್ರಾಂ) ಬಿಲ್ಲಿನ ಜೊತೆಗೇ ಓಡುತ್ತಿತ್ತು. ಅದನ್ನು ಮೈಕ್ರೋಸಾಫ್ಟಿನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನೊಳಗೆ 2005ರ ಆವೃತ್ತಿಯಿಂದಲೇ ಇರುವ ಸರ್ವಿಸ್ ಬ್ರೋಕರ್‌ಗೆ ದಾಟಿಸಿದೆ; ಅದು ಸಂದೇಶಗಳನ್ನು ಕ್ಯೂನಲ್ಲಿ, ಅಂದರೆ ಸಾಲಿನಲ್ಲಿ, ಇಟ್ಟು ಕೆಲಸವನ್ನು ಆಮೇಲೆ ಮಾಡಿಸುತ್ತದೆ. ಬಿಲ್ಲಿನ ಇನ್ಸರ್ಟ್, ಕ್ಯೂಗೆ ಸೆಂಡ್ ಎರಡೂ ಒಂದೇ ಟ್ರಾನ್ಸಾಕ್ಷನ್, ಆದರೆ ಎರಡೂ, ಇಲ್ಲದಿದ್ದರೆ ಒಂದೂ ಇಲ್ಲ; ಬಿಲ್ಲು ರೋಲ್‌ಬ್ಯಾಕ್ (ರದ್ದು) ಆದರೆ ಸಂದೇಶವೂ ಇಲ್ಲ. ಡೇಟಾಬೇಸಿನೊಳಗಿನ ಕ್ಯೂ ಬೇಕಾದದ್ದೇ ಇದಕ್ಕಾಗಿ.

ಸಂದೇಶದಲ್ಲಿ ಬಿಲ್ ನಂಬರ್ ಮಾತ್ರ ಹೋಗುತ್ತದೆ. ಡೈಲಾಗ್ (ಕಾನ್ವರ್ಸೇಷನ್ ಎಂದೂ ಹೆಸರು; ಕಳಿಸುವವನಿಗೂ ಪಡೆಯುವವನಿಗೂ ನಡುವಿನ ಸಂವಾದ) ತೆರೆಯುವಾಗ ಎನ್‌ಕ್ರಿಪ್ಷನ್ ಆಫ್ ಎಂದು ಬರೆಯದಿದ್ದರೆ ಡೇಟಾಬೇಸಿಗೆ ಮಾಸ್ಟರ್ ಕೀ (ಎನ್‌ಕ್ರಿಪ್ಷನ್ನಿನ ಮುಖ್ಯ ಕೀಲಿ) ಬೇಕಾಗಬಹುದು; ಅದಿಲ್ಲದಿದ್ದರೆ ಸಂದೇಶ ಅಲ್ಲೇ ನಿಲ್ಲುತ್ತದೆ. ಸಂದೇಶ ಬಂದಾಗ ತಾನೇ ಓಡುವ ಆ್ಯಕ್ಟಿವೇಷನ್ ಪ್ರೊಸೀಜರ್‌ನಲ್ಲಿ ರಿಸೀವ್‌ಗೆ (ಕ್ಯೂನಿಂದ ಸಂದೇಶ ಎತ್ತುವ ಆಜ್ಞೆ) 5000 ಮಿಲಿಸೆಕೆಂಡ್ ಟೈಮ್‌ಔಟ್; ಮ್ಯಾಕ್ಸ್ ಕ್ಯೂ ರೀಡರ್ಸ್, ಅಂದರೆ ಅದು ಒಟ್ಟಿಗೆ ಎಷ್ಟು ಪ್ರತಿ ಓಡಬಹುದೆಂಬ ಮಿತಿ, 4. ಎಲ್ಲ ಬಿಲ್ಲಿಗೂ ಒಂದೇ ಡೈಲಾಗ್ ಬಳಸಿದರೆ ಆ ನಾಲ್ಕಕ್ಕೆ ಅರ್ಥವಿಲ್ಲ: ಒಂದು ಕಾನ್ವರ್ಸೇಷನ್ ಗುಂಪನ್ನು ಒಂದು ಸಲಕ್ಕೆ ಒಬ್ಬನೇ ರೀಡರ್ ಹಿಡಿದಿರುತ್ತಾನೆ.

ಕಳಿಸಿದವನೇ ತಕ್ಷಣ ಎಂಡ್ ಕಾನ್ವರ್ಸೇಷನ್ (ಡೈಲಾಗ್ ಮುಚ್ಚುವ ಆಜ್ಞೆ) ಹಾಕುವುದು ಸೋಮಾರಿತನ. ಆ ಕಡೆಯ ತಪ್ಪುಗಳು ಹೇಳಕೇಳದೆ ಮಾಯವಾಗುತ್ತವೆ. ಕೆಲಸ ಮುಗಿಸಿದವನು ಮೊದಲು ಮುಚ್ಚಬೇಕು. ಆಗ ಬರುವ ಎಂಡ್‌ಡೈಲಾಗ್ ಸಂದೇಶ ಸಿಕ್ಕ ಮೇಲೆ ಕಳಿಸಿದವನು ಮುಚ್ಚಬೇಕು. ಇದನ್ನು ಮರೆತರೆ ಡೈಲಾಗ್‌ಗಳ ಪಟ್ಟಿ ಸಿಸ್.ಕಾನ್ವರ್ಸೇಷನ್_ಎಂಡ್‌ಪಾಯಿಂಟ್ಸ್ ಉಬ್ಬುತ್ತಲೇ ಹೋಗುತ್ತದೆ. ಸರಿಯಾಗಿ ಮುಚ್ಚಿದರೂ ಟಾರ್ಗೆಟ್ (ಪಡೆಯುವವನ) ಕಡೆಯ ಸಾಲು ಸುಮಾರು ಅರ್ಧ ಗಂಟೆ ಉಳಿಯುತ್ತದೆ, ಗಾಬರಿ ಬೇಡ.

ಹೆಚ್ಚು ಕಾಡುವುದು ವಿಷ ಸಂದೇಶ, ಅಂದರೆ ಎಷ್ಟು ಸಲ ಎತ್ತಿದರೂ ಕೆಲಸ ಕೆಡುವ ಸಂದೇಶ. ರಿಸೀವ್ ಸತತ 5 ಸಲ ರೋಲ್‌ಬ್ಯಾಕ್ ಆದರೆ ಬ್ರೋಕರ್ ಕ್ಯೂವನ್ನೇ ಆಫ್ ಮಾಡುತ್ತದೆ. ಗಲ್ಲೆಯವರಿಗೆ ಗೊತ್ತಾಗುವುದೇ ಇಲ್ಲ, ಬಿಲ್ಲು ಬರುತ್ತಲೇ ಇರುತ್ತದೆ. ಅಡಿಗೆಮನೆಯ ಲೆಕ್ಕದಲ್ಲಿ ಮಾತ್ರ ಅಕ್ಕಿ ಕರಗುವುದಿಲ್ಲ. ಹಾಗಾಗಿ ರಿಸೀವ್ ಆದ ಕೂಡಲೇ ಸೇವ್‌ಪಾಯಿಂಟ್ (ಟ್ರಾನ್ಸಾಕ್ಷನ್ನಿನ ನಡುವೆ ಹಿಂದಿರುಗಬಹುದಾದ ಗುರುತು). ತಪ್ಪನ್ನು ಹಿಡಿಯುವ ಕ್ಯಾಚ್ ಭಾಗದಲ್ಲಿ, ಟ್ರಾನ್ಸಾಕ್ಷನ್ನಿನ ಸ್ಥಿತಿ ಹೇಳುವ ಎಕ್ಸಾಕ್ಟ್_ಸ್ಟೇಟ್ 1 ಇದ್ದರೆ ಸೇವ್‌ಪಾಯಿಂಟಿಗೆ ಹಿಂದಿರುಗಿ, ತಪ್ಪನ್ನು ಟೇಬಲ್ಲಿಗೆ ಬರೆದು, ಡೈಲಾಗ್ ಮುಚ್ಚಿ ಕಮಿಟ್ (ಖಾಯಂ). -1 ಬಂದರೆ ಪೂರ್ತಿ ರೋಲ್‌ಬ್ಯಾಕ್ ಬಿಟ್ಟು ದಾರಿಯಿಲ್ಲ. ಡೆಡ್‌ಲಾಕಾದರೆ (ಎರಡು ಕೆಲಸ ಒಂದಕ್ಕೊಂದು ಕಾದು ಸಿಕ್ಕಿಕೊಂಡರೆ) ಮುಂದಿನ ಸಲ ಸರಿಹೋಗುತ್ತದೆ. ಅಕ್ಷರವನ್ನು ಸಂಖ್ಯೆಯಾಗಿಸುವಂಥ ಕನ್ವರ್ಷನ್ ತಪ್ಪಾದರೆ ಐದೂ ಸಲ ಅದೇ ಗತಿ, ಆದ್ದರಿಂದ ಬಿಲ್ ನಂಬರನ್ನು ಮೊದಲೇ ಟ್ರೈ_ಕನ್ವರ್ಟ್‌ನಿಂದ (ಆಗದಿದ್ದರೆ ತಪ್ಪು ಎಸೆಯದೆ ನಲ್ ಕೊಡುತ್ತದೆ) ಪರೀಕ್ಷಿಸುತ್ತೇನೆ.

ಬ್ಯಾಕಪ್ ರಿಸ್ಟೋರ್ ಮಾಡಿದ ಡೇಟಾಬೇಸಿನಲ್ಲಿ ಬ್ರೋಕರ್ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡುವ ಎನೇಬಲ್_ಬ್ರೋಕರ್ ಕೊಡುವಾಗ ವಿತ್ ರೋಲ್‌ಬ್ಯಾಕ್ ಇಮಿಡಿಯೇಟ್ (ಉಳಿದ ಕನೆಕ್ಷನ್‌ಗಳನ್ನು ಕಡಿಯುವ ಸೂಚನೆ) ಸೇರಿಸದಿದ್ದರೆ, ಯಾವುದೋ ಒಂದು ಕನೆಕ್ಷನ್ ಬಿಡಲೆಂದು ಆ ಆಜ್ಞೆ ಕಾಯುತ್ತಾ ಕೂರುತ್ತದೆ. ಅಷ್ಟರೊಳಗೆ ಕಳಿಸಿದ ಸಂದೇಶಗಳು ಸಿಸ್.ಟ್ರಾನ್ಸ್‌ಮಿಷನ್_ಕ್ಯೂನಲ್ಲಿ ಇರುತ್ತವೆ, ಏಕೆ ನಿಂತಿವೆ ಎಂಬುದು ಅಲ್ಲಿಯ ಟ್ರಾನ್ಸ್‌ಮಿಷನ್_ಸ್ಟೇಟಸ್ ಕಾಲಮ್ಮಿನಲ್ಲೇ ಬರೆದಿರುತ್ತದೆ.