ಇಲ್ಲದ ಕಾಯಿಲೆಗೆ ಮದ್ದು ಕೊಟ್ಟ ದಿನ

ಮನೆಯಲ್ಲಿ ಬಿಯರ್ ಮಾಡುವವರಿಗೆ ಕೆಟ್ಟ ದಿನ ಹೊಸದಲ್ಲ. ನಲ್ಲಿ ಮುಚ್ಚದೆ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ನೆನೆಸಿ ಇಳಿಸಿದ ಬಿಸಿ ರಸ ಸುರಿದು ಕಾಲು ಸುಟ್ಟುಕೊಂಡಿದ್ದೇನೆ, ಥರ್ಮಾಮೀಟರ್ ಮಾಲ್ಟ್ ಒಳಗೇ ಬೀಳಿಸಿದ್ದೇನೆ. ಅವೆಲ್ಲ ಒಂದೊಂದೇ ತಪ್ಪು. ಆದರೆ ಆ ಗೋಧಿ ಬಿಯರ್ ದಿನ ಒಂದು ತಪ್ಪನ್ನು ಸರಿ ಮಾಡಲು ಹೋಗಿ ಇನ್ನೊಂದು, ಅದನ್ನು ಸರಿ ಮಾಡಲು ಹೋಗಿ ಮತ್ತೊಂದು.

ಶುರುವಾಗಿದ್ದು ಹಿಂದಿನ ರಾತ್ರಿ. 20 ಲೀಟರ್ ಬಿಯರ್‌ಗೆ ಅರ್ಧಕ್ಕಿಂತ ಜಾಸ್ತಿ ಗೋಧಿ ಮಾಲ್ಟ್, ಉಳಿದದ್ದು ಬಾರ್ಲಿ ಮಾಲ್ಟ್. ನುಣ್ಣಗೆ ಒಡೆದರೆ ಸಕ್ಕರೆ ಚೆನ್ನಾಗಿ ಬಿಡುತ್ತದೆ ಅಂತ ಗಿರಣಿಯ ರೋಲರ್ ಬಿಗಿ ಮಾಡಿದೆ. ಬಾರ್ಲಿಗೆ ಸಿಪ್ಪೆ ಇರುತ್ತದೆ, ಸೋಸುವಾಗ ಆ ಸಿಪ್ಪೆಯೇ ಜರಡಿ. ಗೋಧಿಗೆ ಅದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಭತ್ತದ ಹೊಟ್ಟು ಬೆರೆಸಲಿಲ್ಲ. ಸೋಮಾರಿತನ, ಇನ್ನೇನು?

66 ಡಿಗ್ರಿಯಲ್ಲಿ ಒಂದು ಗಂಟೆ ನೆನೆಸಿಟ್ಟು ನಲ್ಲಿ ತಿರುಗಿಸಿದೆ. ಮೊದಲು ಬೆರಳು ದಪ್ಪದ ಧಾರೆ. ಆಮೇಲೆ ದಾರದಷ್ಟು. ಆಮೇಲೆ ತೊಟ್ಟು ತೊಟ್ಟು. ನಿಂತೇ ಹೋಯಿತು. ನಲ್ಲಿಯನ್ನು ಪೂರ್ತಿ ತೆರೆದೆ. ಆಗ ಮಾಡಬಾರದ ಕೆಲಸ ಅಂದರೆ ಅದೇ. ಕೆಳಗಿನ ಎಳೆತ ಜಾಸ್ತಿಯಾದಷ್ಟೂ ಹಿಟ್ಟು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಅದನ್ನು ಬಿಡಿಸಿದ್ದು ಹೀಗೆ. ಬಿಸಿನೀರಿನ ಪಾತ್ರೆಯನ್ನು ಎತ್ತರದಲ್ಲಿಟ್ಟು, ಅದೇ ನಲ್ಲಿಗೆ ಪೈಪ್ ಸಿಕ್ಕಿಸಿ, 75 ಡಿಗ್ರಿಯ ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟೆ. ಮೂರು ಲೀಟರ್ ಹೋಗುವಷ್ಟರಲ್ಲಿ ಮಾಲ್ಟ್ ಹಾಸು ಮೆಲ್ಲಗೆ ಎದ್ದು ತೇಲಿತು. ಒಮ್ಮೆ ಕಲಕಿ, ಹತ್ತು ನಿಮಿಷ ಸುಮ್ನೆ ಬಿಟ್ಟು, ನಲ್ಲಿಯನ್ನು ಕಾಲು ಭಾಗ ಮಾತ್ರ ತೆರೆದೆ. ಮೊದಲು ಬಂದ ಕದಡಿದ ರಸವನ್ನು ವಾಪಸ್ ಮೇಲೆಯೇ ಸುರಿದೆ. ಆಮೇಲೆ ತಿಳಿಯಾಗಿ ಇಳಿಯಿತು, ನಿಧಾನಕ್ಕೆ. ಒಂದೂವರೆ ಗಂಟೆ ಅಲ್ಲೇ ಹೋಯಿತು.

ರಸ ಸಿಕ್ಕಿತು, ಆದರೆ ತಲೆಯಲ್ಲಿ ಒಂದು ಅನುಮಾನ ಕೂತುಬಿಟ್ಟಿತ್ತು: ಇಷ್ಟೆಲ್ಲ ರಾದ್ಧಾಂತ ಆದ ಮೇಲೆ ಸಕ್ಕರೆ ಸರಿಯಾಗಿ ಬಂದಿರಲ್ಲ. ಕುದಿ ಮುಗಿಯಲು ಕಾಲು ಗಂಟೆ ಇರುವಾಗ ಒಂದು ಲೋಟ ರಸ ತೆಗೆದು, ಸ್ವಲ್ಪ ಆರಿಸಿ, ಹೈಡ್ರೋಮೀಟರ್ ಬಿಟ್ಟೆ, ಅದು ತೇಲಿ ರಸದ ಸಾಂದ್ರತೆ, ಅಂದರೆ ಸಕ್ಕರೆ ಎಷ್ಟಿದೆ ಅಂತ ತೋರಿಸುವ ಗಾಜಿನ ಕೊಳವೆ. ಬೇಕಿದ್ದದ್ದು 1.050. ತೋರಿಸಿದ್ದು 1.040. ನೋಡಿದೆಯಾ, ನಾನು ಅಂದುಕೊಂಡ ಹಾಗೇ ಆಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಅನುಮಾನ ಪಡುವವನಿಗೆ ಅಳತೆಯೂ ಸಾಕ್ಷಿ ಹೇಳುತ್ತದೆ, ಅಲ್ವಾ?

ಲೆಕ್ಕ ಹಾಕಿದೆ. 1.040 ಅಂದರೆ 40 ಪಾಯಿಂಟ್, 1.050 ಅಂದರೆ 50. ಒಂದು ಕಿಲೋ ಒಣ ಮಾಲ್ಟ್ ಪುಡಿ ಒಂದು ಲೀಟರಿಗೆ ಸುಮಾರು 375 ಪಾಯಿಂಟ್ ಕೊಡುತ್ತದೆ. 20 ಲೀಟರಿಗೆ ಹತ್ತು ಪಾಯಿಂಟ್ ಅಂದರೆ 200. ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ, 530 ಗ್ರಾಂ. ಲೆಕ್ಕ ಸರಿಯಾಗಿಯೇ ಇತ್ತು. ಪ್ಯಾಕೆಟ್ಟನ್ನು ಹಬೆಯ ಮೇಲೆ ಹಿಡಿದು ಚಮಚದಲ್ಲಿ ಹಾಕುತ್ತಾ ಹೋದೆ. ಹಬೆ ತಾಗಿ ಪುಡಿ ಚಮಚಕ್ಕೆ ಅಂಟಿತು, ಪ್ಯಾಕೆಟ್ ಬಾಯಿಗೆ ಅಂಟಿತು, ಬೆರಳಿಗೆ ಅಂಟಿತು. ಸಾಕಾಗಿ ಉಳಿದದ್ದನ್ನು ಒಂದೇ ಸಲ ಸುರಿದೆ. ಉರಿ ಆರಿಸಿರಲಿಲ್ಲ. ಕುದಿಯುವ ರಸಕ್ಕೆ ಪುಡಿ ಬಿದ್ದರೆ ನೊರೆ ಏಳದೆ ಇರುತ್ತದೆಯೇ? ಉಫ್ ಅಂತ ಊದುವಷ್ಟೂ ಸಮಯ ಸಿಗಲಿಲ್ಲ. ಒಲೆಯ ಮೇಲೆ, ಒಲೆಯ ಕೆಳಗೆ, ಚಪ್ಪಲಿಯ ಮೇಲೆ. ತಣ್ಣೀರಿನ ಸ್ಪ್ರೇ ಬಾಟಲಿ ಕೈಗೆಟುಕುವಲ್ಲೇ ಇತ್ತು, ಖಾಲಿ.

ರಸವನ್ನು 20 ಡಿಗ್ರಿಗೆ ಇಳಿಸಿ ಮತ್ತೆ ಅಳೆದೆ. 1.060.

ಕೆಲಸ ನಿಲ್ಲಿಸಿ ಕೂತೆ. ಹೈಡ್ರೋಮೀಟರನ್ನು ಬೆಳಕಿಗೆ ಹಿಡಿದೆ. ಗಾಜಿನ ಒಳಗಿನ ಕಾಗದದ ಮೇಲೆ, ಅಂಕಿಗಳ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: 20 ಡಿಗ್ರಿ ಸೆಲ್ಸಿಯಸ್. ಆ ಶಾಖದಲ್ಲಿ ಮಾತ್ರ ಅದು ಹೇಳುವುದು ನಿಜ. ಬಿಸಿಯಾದಷ್ಟೂ ರಸ ಹಗುರ, ಓದು ಕಡಿಮೆ. ಮೊದಲ ಸಲ ಅಳೆದಾಗ ಲೋಟ ಇನ್ನೂ ಕೈಗೆ ಚುರುಕ್ ಅನ್ನುತ್ತಿತ್ತು, 50 ಡಿಗ್ರಿ ಇದ್ದಿರಬೇಕು. ಅಷ್ಟು ಬಿಸಿಗೆ ಹತ್ತು ಪಾಯಿಂಟ್ ಕಡಿಮೆ ತೋರಿಸುತ್ತದೆ. ಅಂದರೆ ನನ್ನ ರಸ ಮೊದಲೇ 1.050 ಇತ್ತು. ಏನೂ ಕೆಟ್ಟಿರಲಿಲ್ಲ.

ಈಗ ತೆಳು ಮಾಡಬೇಕು. 60 ಪಾಯಿಂಟನ್ನು 20 ಲೀಟರಿನಿಂದ ಗುಣಿಸಿದರೆ 1200, ಅದನ್ನು 50ರಿಂದ ಭಾಗಿಸಿದರೆ 24. ನಾಲ್ಕು ಲೀಟರ್ ನೀರು ಕುದಿಸಿ ಆರಿಸಿ ಸೇರಿಸಿದೆ. ಹಾಪ್ಸ್ ಹೂವಿನ ಕಹಿ ಆರರಲ್ಲಿ ಒಂದು ಪಾಲು ಇಳಿಯುತ್ತದೆ, ಆದರೆ ಗೋಧಿ ಬಿಯರ್‌ಗೆ ಮೊದಲೇ ಕಹಿ ಕಡಿಮೆ, ಬಿಟ್ಟೆ. ಈ ಸಲ 20 ಡಿಗ್ರಿಯಲ್ಲಿ ಎರಡು ಸಲ ಅಳೆದೆ. 1.050. ಯೀಸ್ಟ್ ಹಾಕಿ ಮಲಗಿದೆ.

ಬಿಯರ್ ಹುದುಗಲು ಇಡುವ ನನ್ನ ಡ್ರಮ್ 27 ಲೀಟರಿನದು. ಗೋಧಿ ಬಿಯರ್ ಯೀಸ್ಟ್ ಏಳಿಸುವ ನೊರೆಗೆ ಮೂರು ಲೀಟರ್ ಜಾಗ ಎಲ್ಲಿ ಸಾಕು! ಮಾರನೆಯ ರಾತ್ರಿ, ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್‌ನಲ್ಲಿ ಕಂದು ಗಸಿ ತುಂಬಿ, ಮುಚ್ಚಳ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಅಂಥ ಹೊತ್ತಲ್ಲಿ ಏರ್‌ಲಾಕನ್ನು ಒಮ್ಮೆಲೇ ಕಿತ್ತರೆ ಛಾವಣಿಗೆ ಬಣ್ಣ ಬಳಿದಂತೆ. ಮೇಲೊಂದು ಒದ್ದೆ ಬಟ್ಟೆ ಹಾಕಿ, ಮುಚ್ಚಳದ ಅಂಚನ್ನು ಕೂದಲೆಳೆಯಷ್ಟು ಎತ್ತಿ, ಗ್ಯಾಸ್ ಬಿಟ್ಟೆ. ಆಮೇಲೆ ಏರ್‌ಲಾಕ್ ಜಾಗಕ್ಕೆ ದಪ್ಪ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ಯಾನಿಟೈಸರ್ ನೀರಿನ ಬಕೆಟ್ಟಿಗೆ ಇಳಿಬಿಟ್ಟೆ. ಗ್ಯಾಸ್ ಹೊರಕ್ಕೆ ನುಗ್ಗುತ್ತಿರುವಾಗ ಒಳಗೆ ಗಾಳಿ ಹೋಗುವ ಭಯ ಅಷ್ಟಿಲ್ಲ. ರಾತ್ರಿಯಿಡೀ ಬಕೆಟ್ ಗುಳುಗುಳು ಅನ್ನುತ್ತಿತ್ತು.

ಎರಡು ವಾರಕ್ಕೆ 1.012ಕ್ಕೆ ಬಂದು ನಿಂತಿತು, ಸುಮಾರು 5 ಪರ್ಸೆಂಟ್ ಆಲ್ಕೋಹಾಲ್. ಬಾಳೆಹಣ್ಣಿನ ಪರಿಮಳ ಚೆನ್ನಾಗಿತ್ತು, ಮೈ ಸ್ವಲ್ಪ ತೆಳು. ಕುಡಿದ ಗೆಳೆಯ, ‘ಈ ಸಲ ಜಾಸ್ತಿ ಮಾಡಿದ್ದೀಯ, ಏನು ವಿಶೇಷ?’ ಅಂದ. ನಾಲ್ಕು ಲೀಟರ್ ಹೆಚ್ಚಾದ ಕಥೆ ಅವನಿಗೆ ಇನ್ನೂ ಹೇಳಿಲ್ಲ.