ಒಂದು ಹಿಡಿ ಅಕ್ಕಿ, ಮೂರು ಡ್ರಮ್ಮು

ಉಡುಪಿ ಕಡೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಪುಸ್ತಕದ ಪ್ರಕಾರ 84 ಕುಟುಂಬಗಳಿವೆ. ಭಾನುವಾರ ಆರಾಧನೆಗೆ ಬರುವವರ ಲೆಕ್ಕ ಬೇರೆ. ಬ್ಯಾಂಕಿನಿಂದ ನಿವೃತ್ತನಾದ ನನಗೆ ಮಿಷನ್ ನಿಧಿಯ, ಎಂದರೆ ದೂರದಲ್ಲಿ ಸೇವೆ ಮಾಡುವ ಮಿಷನರಿಗಳಿಗೆ ನೆರವಾಗುವ ನಿಧಿಯ, ಖಜಾಂಚಿ ಕೆಲಸ ಅಂಟಿಕೊಂಡಿತು. ಅಕ್ಕಿ ಕೂಡಿಸಿ ಮಿಷನ್ ನಡೆಸುತ್ತೇನೆ ಎಂದಾಗ ಸಮಿತಿಯಲ್ಲಿ ನಕ್ಕವರೇ ಈಗ ಪಕ್ಕದ ಸಭೆಗಳವರನ್ನು ನನ್ನ ಮನೆಗೆ ಕಳುಹಿಸುತ್ತಿದ್ದಾರೆ. ಬಂದವರಿಗೆಲ್ಲ ಚಹಾ ಕೊಟ್ಟು ಮೊದಲಿನಿಂದ ಹೇಳುವ ಬದಲು ಒಮ್ಮೆ ಬರೆದಿಡುವುದು ಅಗ್ಗ.

ಅಕ್ಕಿಗಿಂತ ಮೊದಲು ಡಬ್ಬಿ ಇತ್ತು. ಮನೆಗೊಂದು ಮೊಹರು ಹಾಕಿದ ಕಾಣಿಕೆ ಡಬ್ಬಿ ಕೊಟ್ಟು ವರ್ಷಕ್ಕೊಮ್ಮೆ, ಹೊಸ ವರ್ಷದ ದಿನ ಒಡೆಯುತ್ತಿದ್ದೆವು. 2017ರ ಜನವರಿ 1ರಂದು ಒಡೆದಾಗ ಒಳಗೆ ಹಳೆಯ ಐನೂರರ ನೋಟುಗಳು ಕುಳಿತಿದ್ದವು. ಬ್ಯಾಂಕಿಗೆ ಕಟ್ಟುವ ಗಡುವು ಮುಗಿದು ಎರಡು ದಿನವಾಗಿತ್ತು. ನಾಲ್ಕೂವರೆ ಸಾವಿರವೋ ಐದೋ, ಅಷ್ಟು ಹೋಯಿತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವನಿಗೆ ನವೆಂಬರಿನಲ್ಲೇ ಡಬ್ಬಿ ಒಡೆಸಬೇಕೆಂದು ಹೊಳೆಯಲಿಲ್ಲ. ಮನೆಯವಳು ಇವತ್ತಿಗೂ ಅದನ್ನು ನೆನಪಿಸುತ್ತಾಳೆ.

ಅಕ್ಕಿಯ ಯೋಚನೆ ನನ್ನದಲ್ಲ. ಕೆಲಸದಲ್ಲಿದ್ದಾಗ ಒಮ್ಮೆ ಐಜ್ವಾಲ್‌ಗೆ ಹೋಗಿದ್ದೆ. ಮಿಜೋರಾಮಿನ ಸಭೆಗಳಲ್ಲಿ 1910ರ ಸುಮಾರಿನಿಂದಲೂ ‘ಬುಹ್‌ಫಾಯ್ ಥಾಮ್’ ನಡೆಯುತ್ತಿದೆ. ಅನ್ನಕ್ಕೆ ಅಕ್ಕಿ ಅಳೆಯುವಾಗ ಮನೆಯೊಡತಿ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ, ಸ್ತ್ರೀಯರ ಸಂಘದವರು ಅದನ್ನು ಸಂಗ್ರಹಿಸಿ ಮಾರುತ್ತಾರೆ. ಆ ಗುಡ್ಡಗಾಡಿನ ಪುಟ್ಟ ರಾಜ್ಯ ತನ್ನ ಮಿಷನರಿಗಳನ್ನು ದೇಶದ ಬೇರೆ ಭಾಗಗಳಿಗೂ ಹೊರದೇಶಕ್ಕೂ ಕಳುಹಿಸುತ್ತದೆ.

ಸಮಿತಿಯಲ್ಲಿ ವಿಷಯ ಇಟ್ಟಾಗ ಹಿರಿಯರೊಬ್ಬರು, “ಖಜಾಂಚಿಗಳೇ, ನಾವೇನು ಭಿಕ್ಷೆಗೆ ಹೊರಟಿದ್ದೇವೆಯೇ?” ಎಂದರು. ನಾನು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನ ಕಥೆ ಹೇಳಿದೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನಿನ ಖರ್ಚನ್ನು ಶ್ರೀಮಂತರಷ್ಟೇ ಹೊತ್ತವರಲ್ಲ. 1850ರ ದಶಕದಿಂದ ಬಾಸೆಲ್ ಕಡೆಯ ಸಾಮಾನ್ಯ ಮನೆಗಳಿಂದ ವಾರಕ್ಕೆ ಅರ್ಧ ಬಾಟ್ಸನ್, ಎಂದರೆ ಐದು ರಾಪೆನ್ ಚಿಲ್ಲರೆಯನ್ನು ಮನೆಮನೆಗೆ ಹೋಗಿ ಎತ್ತುತ್ತಿದ್ದರು. ಅದು ಭಿಕ್ಷೆಯಾದರೆ ನಾವೆಲ್ಲ ಭಿಕ್ಷೆಯ ಮಕ್ಕಳೇ ಅಂದೆ. ನಮ್ಮ ಸಭಾಪಾಲಕರಾದ ಅಯ್ಯನವರು ಕೆಮ್ಮಿ ಪ್ರಾರ್ಥನೆ ಮಾಡಿ ಸಭೆ ಮುಗಿಸಿದರು. ಮೂರು ತಿಂಗಳು ನೋಡೋಣ ಎಂದು ನಿರ್ಣಯವಾಯಿತು.

ಮೊದಲ ತಿಂಗಳು 31 ಮನೆ, ಅರವತ್ತು ಕಿಲೋ ಅಕ್ಕಿ. ಸಂತೋಷಪಟ್ಟು ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದೆ. ಕುಚ್ಚಲಕ್ಕಿ, ಬೆಳ್ತಿಗೆ, ಯಾರದೋ ಸೋನಾ ಮಸೂರಿ, ಎಲ್ಲ ಒಟ್ಟಿಗೆ. ಒಂದು ಬೇಯುವಾಗ ಇನ್ನೊಂದು ಗಂಜಿಯಾಗುವ ಆ ಮಿಶ್ರಣವನ್ನು ಯಾವ ಅಂಗಡಿಯವನೂ ಮುಟ್ಟಲಿಲ್ಲ. ಕೊನೆಗೆ ಕೋಳಿ ಸಾಕುವವರೊಬ್ಬರು ಕಿಲೋಗೆ ಹದಿನಾಲ್ಕು ರೂಪಾಯಿಗೆ ಒಯ್ದರು. ಎರಡನೆಯ ತಿಂಗಳಿಗೆ ಮೂರು ಡ್ರಮ್ಮು ತಂದೆ. ಒಂದಕ್ಕೆ ಆರುನೂರರಂತೆ ನನ್ನ ಜೇಬಿನಿಂದಲೇ ಹೋಯಿತು.

ಮಳೆಗಾಲದಲ್ಲಿ ಗುಗ್ಗುರು ಬಿತ್ತು. ಕಹಿಬೇವಿನ ಎಲೆ, ಒಣಮೆಣಸು ಎಲ್ಲ ಹಾಕಿ ನೋಡಿದೆ, ಹುಳ ಅದರ ಮೇಲೇ ಓಡಾಡಿಕೊಂಡಿತ್ತು. ಕೂಡಿಟ್ಟರೆ ತಾನೇ ಹುಳ? ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಎರಡು ಬಾರಿ ಎತ್ತಿ, ಅದೇ ವಾರ ಮಾರಿಬಿಡುತ್ತೇವೆ. ಕುಚ್ಚಲಕ್ಕಿ ಪೂರ್ತಿ ಒಂದು ಹೋಟೆಲಿಗೆ ಹೋಗುತ್ತದೆ. ಯಾವ ಹೋಟೆಲು, ಅವರನ್ನು ಹೇಗೆ ಒಪ್ಪಿಸಿದೆ ಎಂದು ಕೇಳಬೇಡಿ. ಇನ್ನೆರಡು ಸಭೆಯವರು ಅಲ್ಲಿಗೇ ಹೋಗಿ ನಿಂತರೆ ನನ್ನ ದರ ಬೀಳುತ್ತದೆ.

ನಿಜವಾಗಿ ಭಯ ಹುಟ್ಟಿಸಿದ್ದು ಪಡಿತರ ಅಕ್ಕಿ. ಬಡ ಮನೆಗಳವರು ಪ್ರೀತಿಯಿಂದ ಅನ್ನಭಾಗ್ಯದ ಅಕ್ಕಿಯನ್ನೇ ಹಿಡಿ ತೆಗೆದಿಟ್ಟಿದ್ದರು. ಅದನ್ನು ಮಾರುವುದು ಅಪರಾಧ. ಬೇಡವೆಂದರೆ ಅವರಿಗೆ ನೋವು, ತೆಗೆದುಕೊಂಡರೆ ನಮಗೆ ಕೇಸು. ಒಬ್ಬ ಅಜ್ಜಿಯ ಬಳಿ, “ಅಮ್ಮ, ನಿಮ್ಮ ಕೋಳಿ ಭಾನುವಾರ ಇಟ್ಟ ಮೊಟ್ಟೆ ಕೊಡಿ ಸಾಕು” ಎಂದೆ. ಅಲ್ಲಿಂದ ಮೊಟ್ಟೆ, ತೆಂಗಿನಕಾಯಿ, ಬಸಳೆ ಬರತೊಡಗಿದವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಏಲಂ. ಒಂದು ಬಸಳೆ ಕಟ್ಟು 210 ರೂಪಾಯಿಗೆ ಹೋದದ್ದಿದೆ, ಇಬ್ಬರು ಬೀಗರ ಹಟದಿಂದ. ಅಂಥ ಹಟವನ್ನು ಎಬ್ಬಿಸುವ ಉಪಾಯವೂ ಒಂದಿದೆ. ಅದು ಬರೆಯುವಂಥದಲ್ಲ.

ನಡುವೆ ಯೌವನಸ್ಥರ ಸಂಘದವರಿಂದ ಜೇನುಪೆಟ್ಟಿಗೆ ಇಡಿಸಿದ್ದೆ. ನಾಲ್ಕು ಪೆಟ್ಟಿಗೆಗೆ ಹತ್ತು ಸಾವಿರದಷ್ಟು ಖರ್ಚು, ಸಿಕ್ಕಿದ್ದು ಮೂರು ಬಾಟಲಿ ಜೇನು. ಹುಳುಗಳು ಹಾರಿಹೋದವು, ಹುಡುಗರೂ ಬೆಂಗಳೂರಿಗೆ ಹೋದರು. ಹಳೆ ಪೇಪರ್ ಸಂಗ್ರಹ ಪರವಾಗಿಲ್ಲ, ಆದರೆ ಅದರ ಧೂಳಿಗೆ ಅಯ್ಯನವರಿಗೆ ಉಬ್ಬಸ ಬಂತು.

ಕೊಲ್ಲಿ ದೇಶಗಳಲ್ಲಿರುವ ನಮ್ಮವರ ದುಡ್ಡಿನಲ್ಲಿ ಒಂದು ಎಚ್ಚರ. ಭಾರತದ ಪೌರರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಪಾಸ್‌ಪೋರ್ಟ್ ಬದಲಾಯಿಸಿಕೊಂಡವರದ್ದು ಎನಿಸುತ್ತದೆ. ಬ್ರಿಟಿಷ್ ಪೌರನಾದ ನನ್ನ ಸ್ವಂತ ಅಳಿಯ ಹತ್ತು ಸಾವಿರ ಕೊಡುತ್ತೇನೆ ಎಂದಾಗ ಬೇಡವೆಂದೆ. ನಮ್ಮಲ್ಲಿ ಅದಕ್ಕೆ ಬೇಕಾದ ನೋಂದಣಿ ಇಲ್ಲ. ಮಗಳು ಒಂದು ವಾರ ಫೋನು ಎತ್ತಲಿಲ್ಲ.

ಈಗಿನ ಲೆಕ್ಕ, ನೆನಪಿನಿಂದ: 58 ಮನೆ, ತಿಂಗಳಿಗೆ ಸುಮಾರು 160 ಕಿಲೋ, ಆರೂವರೆ ಏಳು ಸಾವಿರ ರೂಪಾಯಿ. ಮೊಟ್ಟೆ, ಕಾಯಿ, ಬಸಳೆಯಿಂದ ಸಾವಿರದೈನೂರು. ಸುಗ್ಗಿ ಹಬ್ಬದ ಏಲಂನಲ್ಲಿ ನಮ್ಮ ಪಾಲು ಸೇರಿ ವರ್ಷಕ್ಕೆ ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ. ಮಹಾರಾಷ್ಟ್ರದ ಆದಿವಾಸಿ ಹಳ್ಳಿಯೊಂದರಲ್ಲಿ ಶಾಲೆ, ಸುವಾರ್ತೆ ಎರಡನ್ನೂ ನೋಡಿಕೊಳ್ಳುವ ಕುಟುಂಬಕ್ಕೆ ತಿಂಗಳಿಗೆ ಆರು ಸಾವಿರ ಕಳುಹಿಸುತ್ತೇವೆ.

ಹೊರದೇಶದ್ದೇ ಕಗ್ಗಂಟು. ನಮ್ಮ ಸಭೆಯ ನರ್ಸ್ ಒಬ್ಬಳು ಗಂಡನೊಂದಿಗೆ ಆಫ್ರಿಕಾದ ಮಿಷನ್ ಆಸ್ಪತ್ರೆಯಲ್ಲಿದ್ದಾಳೆ. ಅವಳಿಗೆ ಹಣ ಕಳುಹಿಸಲು ಹೊರಟರೆ ಲೆಕ್ಕಪರಿಶೋಧಕರು ತಡೆದರು. ಧಾರ್ಮಿಕ ಸಂಸ್ಥೆಯ ದುಡ್ಡು ದೇಶದ ಹೊರಗೆ ಖರ್ಚಾದರೆ, ದೆಹಲಿಯ ಅನುಮತಿ ಇಲ್ಲದೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಒಂದು ತಿಂಗಳು ತಲೆ ಕೆಡಿಸಿಕೊಂಡು, ಕೊನೆಗೆ ಅವಳನ್ನೇ ಕೇಳಿದೆ: “ಮಗಳೇ, ಅಲ್ಲಿ ನಿನಗೆ ಏನು ಬೇಕು?” “ಅಂಕಲ್, ಇಲ್ಲಿ ಊಟಕ್ಕೆ ಕೊರತೆಯಿಲ್ಲ. ರಾತ್ರಿ ನಿದ್ದೆ ಬಾರದಿರುವುದು ಅಮ್ಮನ ಬಿಪಿ ನೆನೆದು,” ಎಂದಳು. ಈಗ ಅವಳ ತಾಯಿಯ ಔಷಧಿಗೆ ತಿಂಗಳಿಗೆ ಎರಡು ಸಾವಿರ, ಅವಳ ಮಗಳ ಹಾಸ್ಟೆಲಿಗೆ ವರ್ಷಕ್ಕೆ ಮೂವತ್ತು ಸಾವಿರ, ಎಲ್ಲವೂ ಇಲ್ಲೇ, ರಸೀದಿ ಸಮೇತ. ಔಷಧಿಯನ್ನು ಸ್ತ್ರೀಯರ ಸಂಘದವರೇ ತಲುಪಿಸಿ ಬಿಪಿ ಬರೆಸಿಕೊಂಡು ಬರುತ್ತಾರೆ. ಆ ಚೀಟಿಯ ಫೋಟೋ ಪ್ರತಿ ಶನಿವಾರ ಆಫ್ರಿಕಾಕ್ಕೆ ಹೋಗುತ್ತದೆ.

ಭಿಕ್ಷೆ ಎಂದಿದ್ದ ಹಿರಿಯರು ಈಗಲೂ ಅಕ್ಕಿ ಕೊಡುವುದಿಲ್ಲ. ಅವರ ಮನೆಯಲ್ಲಿ ಚಪಾತಿಯಂತೆ. ಹಾಗಿದ್ದರೆ ಗೋಧಿಗೆ ನಾಲ್ಕನೆಯ ಡ್ರಮ್ಮು ತರುತ್ತೇನೆ ಎಂದು ಕಳೆದ ವಾರ ಹೇಳಿ ಬಂದಿದ್ದೇನೆ.